ಹಳೆಯ ಸ್ಪಿನ್ನಿಂಗ್ ರೀಲ್ ರಿಪೇರಿ: ಬಿಚ್ಚುವುದರಿಂದ ದಾರ ಸುತ್ತುವವರೆಗೆ

ಗುಜರಿ ಅಂಗಡಿಯ ಮೂಲೆಯಲ್ಲೋ ಯಾರದೋ ಅಟ್ಟದ ಮೇಲೋ ವರ್ಷಗಟ್ಟಲೆ ಬಿದ್ದಿದ್ದ ಗಾಳದ ರೀಲ್ ಕೈಗೆ ಬಂದಿದೆ. ಹ್ಯಾಂಡಲ್ ಹಿಟ್ಟಿನ ಗಿರಣಿಯಂತೆ ಗರಗರ ಅನ್ನುತ್ತದೆ, ಇಲ್ಲವೇ ತಿರುಗಲು ಒಲ್ಲೆ ಅನ್ನುತ್ತದೆ. ಆಯುಷ್ಯ ಮುಗಿಯಿತೆಂದು ಎಸೆಯಬೇಡಿ. ಹಳೆಯ ಒಳ್ಳೆಯ ರೀಲುಗಳಲ್ಲಿ ಗೇರ್ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತದೆ; ಅದರ ಮೇಲಿನ ಗ್ರೀಸ್ ಒಣಗಿ ಮೇಣವಾಗಿರುತ್ತದೆ. ಅದನ್ನು ತೆಗೆದು, ನಮ್ಮ ಬಿಸಿಲು ಮತ್ತು ದೂಳಿಗೆ ಹೊಂದುವಂತೆ ಹೊಸದನ್ನು ಹಚ್ಚಿದರೆ ಮುಕ್ಕಾಲು ಕೆಲಸ ಆದಂತೆ.

ಈ ರೀಲುಗಳು ಹುಟ್ಟಿದ್ದು ತಂಪು ಸೀಮೆಯಲ್ಲಿ. ಮಿಚೆಲ್ ಫ್ರಾನ್ಸಿನ ಕ್ಲೂಸ್ ಎಂಬ ಗಡಿಯಾರ ಕಸುಬಿನ ಊರಿನದು, ಅಬು ಕಾರ್ಡಿನಲ್ ಸ್ವೀಡನ್ನಿನದು, ಡ್ಯಾಮ್ ಕ್ವಿಕ್ ಆಗಿನ ಪಶ್ಚಿಮ ಜರ್ಮನಿಯದು, ಪೆನ್ ಅಮೆರಿಕದ ಫಿಲಡೆಲ್ಫಿಯಾದ್ದು. ಅಲ್ಲಿನವರು ಬರೆದಿಟ್ಟ ಎಣ್ಣೆ–ಗ್ರೀಸಿನ ಲೆಕ್ಕವನ್ನು ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ರಾಯಚೂರಿಗೆ ಹಾಗೇ ತಂದರೆ ಕೆಡುತ್ತದೆ.

ಕೊಳ್ಳುವ ಮುಂಚೆ

ಹ್ಯಾಂಡಲನ್ನು ಬಲು ನಿಧಾನ ತಿರುಗಿಸಿ, ಎಲ್ಲಿ ತಡೆಯುತ್ತದೆ ಎಂದು ಎಣಿಸಿ. ಹ್ಯಾಂಡಲ್ ಒಂದು ಸುತ್ತು ಬಂದಾಗ ಒಂದೇ ಸಲ ‘ಟಕ್’ ಅಂದರೆ ದೊಡ್ಡ ಗೇರಿನ ಒಂದು ಹಲ್ಲಿಗೆ ಪೆಟ್ಟಾಗಿದೆ. ಒಂದು ಸುತ್ತಿಗೆ ನಾಲ್ಕೈದು ಸಲ ಅಂದರೆ ದೋಷ ದೊಡ್ಡ ಗೇರಿಗೆ ಕೂಡುವ ಚಿಕ್ಕ ಗೇರಾದ ಪಿನಿಯನ್‌ನಲ್ಲಿ ಅಥವಾ ಅದರ ಬೇರಿಂಗಿನಲ್ಲಿ, ಏಕೆಂದರೆ ಹ್ಯಾಂಡಲ್ ಒಮ್ಮೆ ತಿರುಗಿದರೆ ಪಿನಿಯನ್ ಮತ್ತು ಅದು ತಿರುಗಿಸುವ, ದಾರ ಸುತ್ತುವ ರೋಟರ್ ನಾಲ್ಕೈದು ಸಲ ತಿರುಗುತ್ತದೆ. ಎಲ್ಲೆಡೆ ಒಂದೇ ಸಮ ಬಿಗಿಯಾಗಿದ್ದರೆ ಸಂತೋಷಪಡಿ, ಅದು ಬರೀ ಗ್ರೀಸು.

ಸ್ಪೂಲ್ (ದಾರ ಸುತ್ತಿಕೊಳ್ಳುವ ಉರುಳೆ) ತೆಗೆದು, ಅದು ಕೂರುವ ಶಾಫ್ಟಿನ ತುದಿಯ ಪಕ್ಕ ಬೆಂಕಿಕಡ್ಡಿ ಹಿಡಿದು ಹ್ಯಾಂಡಲ್ ತಿರುಗಿಸಿ. ಕಡ್ಡಿಗೂ ಶಾಫ್ಟಿಗೂ ನಡುವಿನ ಸಂದು ಹಿಗ್ಗುತ್ತಾ ಕುಗ್ಗುತ್ತಾ ಇದ್ದರೆ ಶಾಫ್ಟ್ ಡೊಂಕಾಗಿದೆ. ಮನೆಯಲ್ಲಿ ನೆಟ್ಟಗಾಗದು. ರಾಡಿಗೆ (ಗಾಳದ ಕೋಲಿಗೆ) ಕೂರುವ ಪಾದದ ಬುಡದಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಬಿಟ್ಟುಬಿಡಿ. ಎರಕದ ಅಲ್ಯೂಮಿನಿಯಂಗೆ ಹಾಕಿದ ಬೆಸುಗೆ ಅಷ್ಟು ತೆಳುವಾದ ಕಡೆ ನಂಬುವಂಥದ್ದಲ್ಲ.

ಇನ್ನೊಂದು ಪರೀಕ್ಷೆಗೆ ಹತ್ತಿ ಬೇಕು. ರಾಯಚೂರಿನವರಿಗೆ ಹತ್ತಿಗೇನು ಬರ? ಒಂದು ಚಿಟಿಕೆ ಅರಳೆಯನ್ನು ಸ್ಪೂಲಿನ ಅಂಚಿನ ಗುಂಟ ಒಂದು ಸುತ್ತು ಎಳೆಯಿರಿ, ಹಾಗೆಯೇ ಬೇಲ್ ತಂತಿಯ (ದಾರವನ್ನು ಹಿಡಿದು ಸ್ಪೂಲಿಗೆ ಹಾಯಿಸುವ ಕಮಾನು) ಮೇಲೂ ದಾರ ಹಾಯುವ ರೋಲರಿನ ಮೇಲೂ. ಎಲ್ಲಿ ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ಕಣ್ಣಿಗೆ ಕಾಣದ ಕಚ್ಚು ಇದೆ. ಸ್ಪೂಲಿನ ಸಣ್ಣ ಕಚ್ಚು ಉಜ್ಜಿದರೆ ಹೋಗುತ್ತದೆ. ರೋಲರಿನಲ್ಲಿ ಉಗುರು ಇಳಿಯುವಷ್ಟು ಗೆರೆ ಬಿದ್ದಿದ್ದರೆ ರೋಲರನ್ನೇ ಬದಲಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ.

ರೀಲ್ ಕರಾವಳಿಯಿಂದಲೋ ಗೋವೆಯಿಂದಲೋ ಬಂದಿದೆಯೇ ಎಂಬುದನ್ನು ತಿರುಪುಗಳೇ ಹೇಳುತ್ತವೆ. ತಿರುಪಿನ ತಲೆಯ ಸುತ್ತ ಸುಣ್ಣದಂಥ ಬಿಳಿ ಪುಡಿ, ಬಣ್ಣದ ಕೆಳಗೆ ಗುಳ್ಳೆ ಕಂಡರೆ ಉಪ್ಪುನೀರು ಒಳಹೊಕ್ಕಿದೆ. ಸಿಹಿನೀರಿನಲ್ಲಿ ದುಡಿದ ರೀಲಿಗೆ ಈ ರೋಗ ಅಪರೂಪ. ಬಳ್ಳಾರಿ, ಸಂಡೂರು ಕಡೆಯ ರೀಲುಗಳಲ್ಲಿ ಬೇರೆಯೇ ಮೋಸವುಂಟು: ಮೈತುಂಬಾ ಜಂಗು ಹಿಡಿದಂತೆ ಕಾಣುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಎಲ್ಲ ಬಟ್ಟೆಗೆ ಬರುತ್ತದೆ. ಅದು ಅದಿರಿನ ದೂಳು. ನೋಡಲು ನಿರುಪದ್ರವಿ, ಆದರೆ ಗ್ರೀಸಿನೊಂದಿಗೆ ಬೆರೆತರೆ ವಾಲ್ವ್ ಉಜ್ಜುವ ಪೇಸ್ಟಿನಂತೆ ಗೇರ್ ತಿನ್ನುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಸಿಗುವ ಹಾರುಬೂದಿಯದೂ ಇದೇ ಗುಣ. ಹೀಗಾಗಿ ದೂಳು ಕಂಡ ರೀಲನ್ನು ಪರೀಕ್ಷೆಗೆ ನಾಲ್ಕು ಸುತ್ತು ತಿರುಗಿಸಿ ಸಾಕು ಮಾಡಿ. ಒಣ ಬ್ರಷ್‌ನಲ್ಲಿ ಹೊರಗೆಲ್ಲ ಝಾಡಿಸುವವರೆಗೆ ಮತ್ತೆ ತಿರುಗಿಸಬೇಡಿ.

ಸಾಮಾನು

ಮುಖ್ಯವಾದದ್ದು ಸ್ಕ್ರೂಡ್ರೈವರ್. ಹಳೆಯ ರೀಲುಗಳ ತಿರುಪಿನ ಸೀಳು ಕಿರಿದು, ಆಳ. ಮನೆಯ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುವುದರಿಂದ ಸೀಳಿನ ಬಾಯಲ್ಲೇ ಕೂತು, ಬಲ ಬಿದ್ದೊಡನೆ ಜಿಗಿದು, ತಲೆ ಹರಿಯುತ್ತದೆ. ಎರಡು ಅಗ್ಗದ ಸ್ಕ್ರೂಡ್ರೈವರ್ ತಂದು, ಸಣ್ಣ ಅರದಿಂದ ತುದಿಯ ಎರಡೂ ಮುಖವನ್ನು ಸಮಾನಾಂತರವಾಗಿ ಉಜ್ಜಿ, ಸೀಳಿನ ತಳ ಮುಟ್ಟುವಂತೆ, ಅಗಲಕ್ಕೂ ಸರಿಹೋಗುವಂತೆ ಮಾಡಿಕೊಳ್ಳಿ. ಅರ್ಧ ತಾಸಿನ ಈ ಕೆಲಸ ತಪ್ಪಿಸಿಕೊಂಡವರ ರೀಲುಗಳೇ ಗುಜರಿಯಲ್ಲಿ ಹೆಚ್ಚು.

ಬಳ್ಳಾರಿಯಲ್ಲಿ ಇರುವವರಿಗೆ ಒಂದು ಅನುಕೂಲ. ಜೀನ್ಸ್ ಹೊಲಿಯುವ ಊರಾದ್ದರಿಂದ ಹೊಲಿಗೆ ಮಷೀನಿನ ಬಿಡಿಭಾಗದ ಅಂಗಡಿಗಳಿವೆ: ತಿಳಿ ಎಣ್ಣೆ, ಸಣ್ಣ ಸ್ಪ್ರಿಂಗು, ಸಣ್ಣ ತಿರುಪು, ಕಿರುಮೂತಿಯ ಎಣ್ಣೆಬುಡ್ಡಿ ಒಂದೇ ಕಡೆ ಸಿಗುತ್ತವೆ. ಗಂಗಾವತಿ, ಸಿಂಧನೂರಿನವರು ಅಕ್ಕಿ ಗಿರಣಿಗಳ ಆಸುಪಾಸಿನ ಬೇರಿಂಗ್ ಅಂಗಡಿ ಮತ್ತು ಲೇತ್ ನಂಬಬಹುದು. ಇವಲ್ಲದೆ ಬೇಕಾದದ್ದು: ಪಾನಾಗಳು, ಚೂಪುಮೂತಿಯ ಪಕ್ಕಡ, ಎರಡು ಹಳೆಯ ಹಲ್ಲುಜ್ಜುವ ಬ್ರಷ್, ಹಲ್ಲುಕಡ್ಡಿ, ಅರ್ಧ ಲೀಟರ್ ಚಿಮಣಿ ಎಣ್ಣೆ (ಸಿಗದಿದ್ದರೆ ಡೀಸೆಲ್), ಎಪಿ-3 ಲಿಥಿಯಂ ಗ್ರೀಸಿನ ಸಣ್ಣ ಡಬ್ಬಿ, 1000 ಮತ್ತು 2000 ನಂಬರಿನ ವಾಟರ್ ಪೇಪರ್, ಹಳೆಯ ಬನಿಯನ್. ಗ್ಯಾರೇಜಿನ ಕಾಟನ್ ವೇಸ್ಟ್ ಬೇಡ, ಅದರ ಎಳೆ ಗೇರಿನಲ್ಲಿ ಉಳಿಯುತ್ತದೆ.

ಬಿಡಿಭಾಗ ಇಡಲು 30 ಗುಳಿಯ ಮೊಟ್ಟೆ ಟ್ರೇಗಿಂತ ಒಳ್ಳೆಯದಿಲ್ಲ. ತೆಗೆದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುತ್ತಾ ಹೋಗಿ. ಕೂಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬನ್ನಿ. ಕೆಲಸ ಮಾಡುವುದು ಅಂಚಿರುವ ಪರಾತದೊಳಗೆ. ಸ್ಪ್ರಿಂಗ್ ಸಿಡಿದರೂ ಅಲ್ಲೇ ಬೀಳುವ ಸಂಭವ ಹೆಚ್ಚು. ಫ್ಯಾನ್ ಆರಿಸಿ.

ಬಿಚ್ಚುವುದು

ಪ್ರತಿ ಭಾಗ ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ, ತೆಗೆದ ಮೇಲೆ ಇನ್ನೊಂದು.

ಮೊದಲು ಸ್ಪೂಲ್. ಕೆಲವಕ್ಕೆ ಮುಂದಿನ ಡ್ರ್ಯಾಗ್ ನಾಬ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಚ್ಚಬೇಕೆಂದು ಹೊಂದಿಸುವ ಗುಂಡಿ) ಪೂರ್ತಿ ಬಿಚ್ಚಬೇಕು, ಕೆಲವಕ್ಕೆ ಗುಂಡಿ ಒತ್ತಿದರೆ ಸಾಕು. ಸ್ಪೂಲಿನಡಿ ಶಾಫ್ಟಿನ ಮೇಲೆ ಒಂದೆರಡು ತೆಳು ವಾಷರ್ ಇರುತ್ತವೆ. ಸ್ಪೂಲ್ ಎಷ್ಟು ಎತ್ತರದಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಅವೇ. ಒಂದು ಕಳೆದರೆ ದಾರ ಸ್ಪೂಲಿನ ಒಂದು ತುದಿಯಲ್ಲಿ ಗುಡ್ಡೆ ಬೀಳುತ್ತದೆ.

ಆಮೇಲೆ ಹ್ಯಾಂಡಲ್. ಎದುರು ಬದಿಯಲ್ಲಿ ಟೊಪ್ಪಿಯಂಥ ತಿರುಪಿದ್ದರೆ ಅದನ್ನು ಬಿಚ್ಚಿ. ಇಲ್ಲದಿದ್ದರೆ ಹ್ಯಾಂಡಲೇ ನೇರ ಗೇರಿನೊಳಗೆ ತಿರುಚಿ ಕೂತಿರುತ್ತದೆ: ಹಿಮ್ಮುಖ ತಡೆಯನ್ನು ಆನ್ ಮಾಡಿ, ರೋಟರ್ ಹಿಡಿದು, ದಾರ ಸುತ್ತುವ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಬಿಚ್ಚುತ್ತದೆ. ರೋಟರಿನ ನಟ್‌ಗೆ ಕೈ ಹಾಕುವಾಗ ಜಾಗ್ರತೆ. ಕೆಲವು ರೀಲುಗಳಲ್ಲಿ ಅದಕ್ಕೆ ಎಡಮರೆ ಇರುತ್ತದೆ, ಅಂದರೆ ತಿರುಪಿನ ಗೆರೆ ತಿರುಗುಮುರುಗಾಗಿದ್ದು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನಟ್ಟಿನಾಚೆ ಕಾಣುವ ಮರೆಯ ಗೆರೆ ಎತ್ತ ಇಳಿದಿದೆ ನೋಡಿ, ಆಮೇಲೆ ಬಲ ಹಾಕಿ. ಬಾರದಿದ್ದರೆ ಡಬ್ಲ್ಯೂಡಿ-40 ಎರಡು ಹನಿ ಬಿಟ್ಟು ರಾತ್ರಿ ಹಾಗೇ ಬಿಡಿ. ಬೇಸಿಗೆಯಾದರೆ ರೀಲನ್ನು ಒಂದು ತಾಸು ಬಿಸಿಲಿಗಿಟ್ಟರೂ ಮೇಣವಾದ ಗ್ರೀಸ್ ಸಡಿಲವಾಗಿ ಕೆಲಸ ಹಗುರವಾಗುತ್ತದೆ. ಸುತ್ತಿಗೆಯ ಮಾತು ಬೇಡ.

ಪಕ್ಕದ ಮುಚ್ಚಳ ತೆಗೆದಾಗ ಅದನ್ನು ಎತ್ತಿ ಎಸೆಯದೆ, ಅಂಗಾತ ಹಿಡಿದು ಒಳಮೈ ನೋಡಿ. ಗೇರಿನ ಬುಡದ ತೆಳು ವಾಷರ್ ಹಳೆಯ ಗ್ರೀಸಿಗಂಟಿ ಮುಚ್ಚಳದ ಜೊತೆಗೇ ಬಂದಿರುತ್ತದೆ. ಕಂದು ಮೇಣದಡಿ ಅದು ಕಾಣುವುದೂ ಇಲ್ಲ. ಹಲ್ಲುಕಡ್ಡಿಯಲ್ಲಿ ಕೆರೆದಾಗ ತಗಡಿನ ಅಂಚು ಮಿಂಚುತ್ತದೆ. ಚಿಮಣಿ ಎಣ್ಣೆಯ ಬಟ್ಟಲು ಚೆಲ್ಲುವಾಗ ಮೋರಿಗೆ ಹೋಗುವುದು ಹೆಚ್ಚಾಗಿ ಇದೇ. ಹೀಗಾಗಿ ಎಣ್ಣೆಯನ್ನು ಯಾವಾಗಲೂ ಚಹಾ ಸೋಸುವ ಜರಡಿಯ ಮೂಲಕವೇ ಸುರಿಯಿರಿ.

ಒಳಗೆ ದೊಡ್ಡ ಗೇರ್, ಸ್ಪೂಲನ್ನು ಹಿಂದೆಮುಂದೆ ಓಡಿಸುವ ಜಾರುಗಟ್ಟಿ, ಶಾಫ್ಟ್, ಪಿನಿಯನ್, ಬೇರಿಂಗ್, ಹಿಮ್ಮುಖ ತಡೆಯ ಕೊಂಡಿ ಮತ್ತು ಅದರ ಕೂದಲಿನಂಥ ಸ್ಪ್ರಿಂಗ್ ಇರುತ್ತವೆ. ಹಲ್ಲಿಗೆ ಹಲ್ಲು ಕೂಡುವ ಚಕ್ರ ಎರಡಕ್ಕಿಂತ ಹೆಚ್ಚಿದ್ದರೆ, ಕೂಡುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಚುಕ್ಕಿ ಇಟ್ಟೇ ತೆಗೆಯಿರಿ. ಬೇಲ್ ಸ್ಪ್ರಿಂಗ್ ತೆಗೆಯುವಾಗ ಮೇಲೆ ಬಟ್ಟೆ ಹೊದಿಸಿ ತೆಗೆಯಿರಿ, ಅದು ಹಾರುವುದರಲ್ಲಿ ನಿಸ್ಸೀಮ.

ತೊಳೆಯುವುದು

ಮೇಣವನ್ನು ಮೊದಲು ಹಲ್ಲುಕಡ್ಡಿಯಿಂದ ಕೆರೆಯಿರಿ, ಲೋಹದ ಭಾಗಗಳನ್ನು ಅರ್ಧ ತಾಸು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ ಮಾಡಿ, ಎರಡನೆಯ ಸಲ ಹೊಸ ಎಣ್ಣೆಯಲ್ಲಿ ತೊಳೆಯಿರಿ. ಎರಡನೆಯ ತೊಳೆತ ತಪ್ಪಿಸಬೇಡಿ. ಮೊದಲ ಬಟ್ಟಲಿನ ತಳದಲ್ಲಿ ಕೂತ ದೂಳೇ ಮತ್ತೆ ಹಲ್ಲಿನ ಸಂದಿಗೆ ಸೇರಿರುತ್ತದೆ. ಬಣ್ಣ ಹಚ್ಚಿದ ಮೈಗೆ ಸೋಪಿನ ನೀರು ಸಾಕು. ಥಿನ್ನರ್ ಮುಟ್ಟಿಸಿದರೆ ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ ಗುಂಡಿಯೂ ಕರಗುತ್ತದೆ. ಕಾಸ್ಟಿಕ್ ಸೋಡಾ ಅಂತೂ ಬೇಡವೇ ಬೇಡ, ಅದು ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ.

ಹಿತ್ತಾಳೆ ಗೇರಿನ ಕಿಲುಬಿಗೆ ಮನೆಯ ಮದ್ದೇ ಉತ್ತಮ. ಹುಣಸೆಹಣ್ಣಿನ ತಿಳಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಬ್ರಷ್ ಮಾಡಿ. ದೇವರ ಸಾಮಾನು ತೊಳೆಯುವಾಗ ಸೇರಿಸುವಂತೆ ಉಪ್ಪು ಸೇರಿಸಬೇಡಿ. ತೆಗೆದ ಮೇಲೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ ಬಿಸಿಲಿಗೆ ಇಡಿ. ಉಕ್ಕಿನ ಪಿನಿಯನ್‌ಗೆ ಹುಣಸೆ ಬೇಡ.

ಬೇರಿಂಗನ್ನು ಚಿಮಣಿ ಎಣ್ಣೆಯಲ್ಲೇ ಕೈಯಿಂದ ತಿರುಗಿಸುತ್ತಾ ತೊಳೆಯಿರಿ. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟು ‘ಝಯ್’ ಎಂದು ತಿರುಗಿಸುವುದು ನೋಡಲು ಚಂದ, ಆದರೆ ಎಣ್ಣೆಯಿಲ್ಲದ ಬೇರಿಂಗ್ ಆ ವೇಗದಲ್ಲಿ ಒಂದೇ ನಿಮಿಷದಲ್ಲಿ ಗೀರು ಬಿದ್ದು ಹಾಳಾಗುತ್ತದೆ. ಒಣಗಿದ ಮೇಲೂ ಕರಕರ ಅಂದರೆ ಬದಲಿಸಿ. ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ವರ್ನಿಯರಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಯುರೋಪಿನ ರೀಲುಗಳಲ್ಲಿ ಮಿಲಿಮೀಟರ್ ಅಳತೆ, ಹಳೆಯ ಅಮೆರಿಕದವುಗಳಲ್ಲಿ ಇಂಚಿನ ಅಳತೆ ಸಿಗಬಹುದು. ‘ಸುಮಾರು ಅದೇ ಸೈಜು’ ಎಂದು ಬಡಿದು ಕೂರಿಸಿದರೆ ಎರಕದ ಮೈ ಸೀಳುತ್ತದೆ.

ಸರಿಪಡಿಸುವುದು

ಸ್ಪೂಲಿನ ಕಚ್ಚನ್ನು 1000, ಆಮೇಲೆ 2000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ, ಅಂಚಿನ ಗುಂಟವೇ ಉಜ್ಜಿ. ಅಡ್ಡ ಉಜ್ಜಿದರೆ ಗೀರುಗಳೇ ದಾರವನ್ನು ಕೊಯ್ಯುತ್ತವೆ. ಅರಳೆ ಎಲ್ಲೂ ಸಿಕ್ಕದಿದ್ದರೆ ಮುಗಿಯಿತು. ಗೇರಿನ ಹಲ್ಲನ್ನು ಮಾತ್ರ ಯಾವ ಕಾರಣಕ್ಕೂ ಅರದಿಂದ ತಿದ್ದಬೇಡಿ: ತಿದ್ದಿದ ಹಲ್ಲು ತೆಳ್ಳಗಾಗಿ ಪಕ್ಕದ ಹಲ್ಲಿನ ಮೇಲೆ ಭಾರ ಹೆಚ್ಚುತ್ತದೆ, ಆರು ತಿಂಗಳಲ್ಲಿ ಎರಡು ಹಲ್ಲು ಹೋಗುತ್ತವೆ. ಅದೇ ಮಾದರಿಯ ಇನ್ನೊಂದು ಕೆಟ್ಟ ರೀಲ್ ಹುಡುಕಿ ಎರಡರಿಂದ ಒಂದು ಮಾಡುವುದೇ ದಾರಿ.

ಗೇರುಗಳ ನಡುವೆ ಆಟ ಹೆಚ್ಚಾಗಿದ್ದರೆ ಹಲ್ಲುಗಳಿಗೆ ಮಾರ್ಕರ್ ಮಸಿ ಬಳಿದು, ಗ್ರೀಸ್ ಇಲ್ಲದೆ ಕೂಡಿಸಿ, ಕೈಯಿಂದ ಹತ್ತು ಸುತ್ತು ತಿರುಗಿಸಿ ಬಿಚ್ಚಿ ನೋಡಿ. ಮಸಿ ಹಲ್ಲಿನ ನಡುಮೈಯಲ್ಲಿ ಅಳಿಸಿದ್ದರೆ ಸರಿ. ತುದಿಯಲ್ಲಷ್ಟೇ ಅಳಿಸಿದ್ದರೆ ಗೇರ್ ದೂರ ಕೂತಿದೆ. ಅದರ ಬುಡಕ್ಕೆ 0.1 ಮಿ.ಮೀ. ಹಿತ್ತಾಳೆ ತಗಡಿನ ವಾಷರ್ ಒಂದು ಹಾಕಿ ಮತ್ತೆ ನೋಡಿ. ತಂಪುಪಾನೀಯದ ಡಬ್ಬಿಯ ತಗಡು ಇಷ್ಟೇ ದಪ್ಪವಿದ್ದರೂ ಬೇಡ, ಮೆತ್ತಗಿನ ಅಲ್ಯೂಮಿನಿಯಂ ಹರಿದು ಚೂರು ಗ್ರೀಸಿಗೆ ಸೇರುತ್ತದೆ.

ಬೇಲ್ ಸ್ಪ್ರಿಂಗ್ ಹಳೆಯ ರೀಲುಗಳ ಮೊದಲ ಬಲಿ. ಮುರಿದಿದ್ದರೆ ತಂತಿಯ ದಪ್ಪ, ಸುತ್ತಿನ ಸಂಖ್ಯೆ, ಎಡಕ್ಕೆ ಸುತ್ತಿದ್ದೋ ಬಲಕ್ಕೋ, ಎರಡೂ ಕಾಲುಗಳ ಉದ್ದ ಬರೆದುಕೊಂಡು ಸ್ಪ್ರಿಂಗ್ ವೈರಿನಲ್ಲಿ ಮಾಡಿಸಿ. ಕಟ್ಟುವ ತಂತಿಯಿಂದ ಆಗದು. ಸುತ್ತುವ ಸರಳು ಸ್ಪ್ರಿಂಗಿನ ಒಳವ್ಯಾಸಕ್ಕಿಂತ ತುಸು ಸಣ್ಣದಿರಬೇಕು, ಬಿಟ್ಟೊಡನೆ ತಂತಿ ಹಿಗ್ಗುತ್ತದೆ. ಕಾಲು ಬಗ್ಗಿಸುವಾಗ ಪಕ್ಕಡದ ಚೂಪು ಅಂಚಿನ ಮೇಲೆ ಮಡಿಸಿದರೆ ಅಲ್ಲೇ ಮತ್ತೆ ಮುರಿಯುತ್ತದೆ. ದುಂಡು ಬಗ್ಗಿಸಿ.

ಡ್ರ್ಯಾಗ್ ವಾಷರುಗಳು ಲೋಹ, ಫೆಲ್ಟು ಅಥವಾ ತೊಗಲು, ಮತ್ತೆ ಲೋಹ ಎಂದು ಪದರ ಪದರವಾಗಿರುತ್ತವೆ. ಕ್ರಮ ಅದಲುಬದಲಾದರೆ ಎಷ್ಟು ತಿರುಚಿದರೂ ಬಿಗಿಯಾಗದು. ಫೆಲ್ಟ್ ಹೊಳಪು ಬಂದು ಗಟ್ಟಿಯಾಗಿದ್ದರೆ ಅದೇ ದಪ್ಪದ ಉಣ್ಣೆ ಫೆಲ್ಟಿನಲ್ಲಿ ಪಂಚ್ ಹೊಡೆದು ಹೊಸದು ಮಾಡಿ, 1 ಮಿ.ಮೀ. ತೊಗಲೂ ನಡೆಯುತ್ತದೆ. ಊರು ಬಳ್ಳಾರಿಯೆಂದು ಡೆನಿಮ್ ಕತ್ತರಿಸಿ ಹಾಕುವ ಉಮೇದು ಬೇಡ, ಎಳೆ ಬಿಟ್ಟು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಬೂದು ಬಣ್ಣದ ಗಡಸು ವಾಷರ್ ಕಂಡರೆ ಒಣದಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ. ಹಳೆಯ ಘರ್ಷಣೆ ವಾಷರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವುಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸವೆದಿದ್ದರೆ ಬದಲಿಸಿ.

ಗ್ರೀಸ್ ಮತ್ತು ಎಣ್ಣೆ

ಹೆಚ್ಚಿನ ರೀಲುಗಳು ಎರಡನೆಯ ಸಲ ಸಾಯುವುದು ಇಲ್ಲಿ. ಡಬ್ಬಿ ತುಂಬ ಗ್ರೀಸ್ ಇದೆಯೆಂದು ಒಳಗೆಲ್ಲ ತುಂಬುತ್ತಾರೆ. ಲಿಥಿಯಂ ಗ್ರೀಸ್ ನಮ್ಮ ಬಿಸಿಲಿಗೆ ಕರಗುವುದಿಲ್ಲ, ಅದರ ಕರಗುವ ಬಿಂದು 180 ಡಿಗ್ರಿಯ ಆಸುಪಾಸು. ಆದರೆ ಕಾದಾಗ ಅದರೊಳಗಿನ ಎಣ್ಣೆ ಮೆಲ್ಲಗೆ ಜಿನುಗುತ್ತದೆ. ತುಂಬಿದಷ್ಟೂ ಹೆಚ್ಚು ಜಿನುಗಿ ಶಾಫ್ಟಿನ ಗುಂಟ ಹೊರಬಂದು ಡ್ರ್ಯಾಗಿನ ಫೆಲ್ಟ್ ತೋಯಿಸುತ್ತದೆ, ಹೊರಮೈಗೆ ದೂಳು ಅಂಟಿಸುತ್ತದೆ, ಒಳಗೆ ಉಳಿದ ಸಾಬೂನಿನಂಥ ಭಾಗ ಮತ್ತೆ ಮೇಣವಾಗುತ್ತದೆ.

ಮಧ್ಯಮ ಗಾತ್ರದ ಸಿಹಿನೀರಿನ ರೀಲಿಗೆ ಅರ್ಧ ಟೀ ಚಮಚ ಗ್ರೀಸ್ ಸಾಕು. ಬ್ರಷ್‌ನಿಂದ ಹಲ್ಲುಗಳ ಮೇಲೆ ಲೋಹದ ಬಣ್ಣ ಮಸುಕಾಗಿ ಕಾಣುವಷ್ಟು ತೆಳ್ಳಗೆ ಬಳಿಯಿರಿ. ಜಾರುಗಟ್ಟಿಯ ಹಾದಿಗೆ ಒಂದು ಸವರು, ಗೇರಿನ ಬುಡದ ವಾಷರಿಗೆ ಒಂದು ಸವರು. ಎಪಿ-3 ತುಸು ಗಟ್ಟಿ ಜಾತಿ, ಬೇಸಿಗೆಗೆ ಅದೇ ಒಳ್ಳೆಯದು. ತೀರಾ ಬಿಗಿ ಅನಿಸಿದರೆ ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಕಲಸಿ. ಅಬು ಕಾರ್ಡಿನಲ್, ಡ್ಯಾಮ್ ಕ್ವಿಕ್‌ನಂಥ ವರ್ಮ್ ಗೇರಿನ (ತಿರುಪಿನಾಕಾರದ ಗೇರಿನ) ರೀಲಿಗೆ ಮಾತ್ರ ಕೈ ಸ್ವಲ್ಪ ಸಡಿಲ ಬಿಡಿ. ಅಲ್ಲಿ ಹಲ್ಲು ಹಲ್ಲಿನ ಮೇಲೆ ಉರುಳುವುದಕ್ಕಿಂತ ಜಾರುವುದೇ ಹೆಚ್ಚು, ಒಣಗಿದರೆ ಬೇಗ ಸವೆಯುತ್ತದೆ.

ಎಣ್ಣೆ ಬೇಕಾದ ಜಾಗ: ಬೇರಿಂಗಿಗೆ ಎರಡು ಹನಿ, ಶಾಫ್ಟಿಗೆ ಎರಡು, ದಾರದ ರೋಲರಿಗೆ ಒಂದು, ಬೇಲಿನ ಎರಡು ಕೀಲಿಗೆ ಒಂದೊಂದು, ಹ್ಯಾಂಡಲ್ ಗುಂಡಿಗೆ ಒಂದು. ಹಿಮ್ಮುಖ ತಡೆಯ ಕೊಂಡಿಗೆ ಗ್ರೀಸ್ ಹಚ್ಚಿದರೆ ಅಂಟಿಕೊಂಡು ಹಲ್ಲಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ. ಅರ್ಧ ಹನಿ ಎಣ್ಣೆ ಸಾಕು. ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಡಬ್ಲ್ಯೂಡಿ-40 ತಿರುಪು ಸಡಿಲಿಸಲು ಸರಿ, ಎಣ್ಣೆಯ ಬದಲಿಗೆ ಅಲ್ಲ. ಅಡುಗೆಮನೆಯ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಗಾಳಿಗೆ ಅಂಟಾಗುತ್ತವೆ. ಕುಸುಬೆಯಂತೂ ಒಣಗಿ ವಾರ್ನಿಷ್ ಆಗುವ ಜಾತಿ.

ಕೂಡಿಸಿ, ಪರೀಕ್ಷಿಸುವುದು

ಮೊಟ್ಟೆ ಟ್ರೇಯ ಕೊನೆಯ ಗುಳಿಯಿಂದ ಶುರು. ಮುಚ್ಚಳದ ತಿರುಪುಗಳನ್ನು ಮೊದಲು ಎಲ್ಲವನ್ನೂ ಬೆರಳಿನಲ್ಲೇ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಬಿಗಿದ ಮೇಲೆ ಹ್ಯಾಂಡಲ್ ಭಾರವಾದರೆ ವಾಷರ್ ಒಂದು ಹೆಚ್ಚಾಗಿದೆ ಅಥವಾ ಮುಚ್ಚಳ ಡೊಂಕು ಕೂತಿದೆ. ಬಲವಂತ ಮಾಡದೆ ಬಿಚ್ಚಿ ನೋಡಿ. ಬೇಲ್ ತೆರೆದು, ಹ್ಯಾಂಡಲ್ ತಿರುಗಿಸಿದಾಗ ‘ಟಪ್’ ಎಂದು ಮುಚ್ಚಬೇಕು. ಅರ್ಧಕ್ಕೆ ನಿಂತರೆ ಸ್ಪ್ರಿಂಗಿಗಿಂತ ಮೊದಲು ಕೀಲನ್ನು ಅನುಮಾನಿಸಿ. ಅಲ್ಲಿ ಹಳೆಯ ಮೇಣ ಉಳಿದಿರುತ್ತದೆ.

ದಾರ 0.28ರಿಂದ 0.32 ಮಿ.ಮೀ. ನೈಲಾನ್ ಇರಲಿ. ಹೆಣೆದ ದಾರ ಹಳೆಯ ರೋಲರಿನ ಮೆತ್ತಗಿನ ಲೋಹಕ್ಕೆ ಗೆರೆ ಕೊರೆಯುತ್ತದೆ. ಒದ್ದೆ ಬಟ್ಟೆಯ ಮಡಿಕೆಯಲ್ಲಿ ಹಾಯಿಸಿ ಬಿಗಿಯಾಗಿ ಸುತ್ತಿ, ಸ್ಪೂಲಿನ ಅಂಚಿಗೆ 2 ಮಿ.ಮೀ. ಬಿಟ್ಟು ನಿಲ್ಲಿಸಿ. ಸುತ್ತಿದ ದಾರ ಕಡಿಮೆಯಾದರೆ ಅಂಚಿಗೆ ಉಜ್ಜಿ ದೂರ ಹೋಗದು, ಹೆಚ್ಚಾದರೆ ಒಟ್ಟಿಗೆ ಸುರಿದು ಗಂಟಾಗುತ್ತದೆ.

ಡ್ರ್ಯಾಗಿಗೆ ಸುಲಭದ ತಕ್ಕಡಿ ಒಂದು ಲೀಟರ್ ನೀರಿನ ಬಾಟಲಿ. ತುಂಬಿದರೆ ಒಂದು ಕಿಲೋ ಚಿಲ್ಲರೆ. ರೀಲನ್ನು ರಾಡಿಗೆ ಕಟ್ಟದೆ ಕೈಯಲ್ಲೇ ಎತ್ತರಕ್ಕೆ ಹಿಡಿದು ದಾರಕ್ಕೆ ಬಾಟಲಿ ತೂಗಿಬಿಡಿ. ನಾಬ್ ಬಿಗಿದು ಬಾಟಲಿ ನಿಂತ ಮೇಲೆ ಚೂರೇ ಸಡಿಲಿಸಿ: ಬಾಟಲಿ ಬಾವಿಗಿಳಿಯುವ ಕೊಡದಂತೆ ಒಂದೇ ವೇಗದಲ್ಲಿ ಇಳಿಯಬೇಕು. ನಿಂತು, ಜಗ್ಗಿ, ಮತ್ತೆ ನಿಂತು ಇಳಿದರೆ ವಾಷರಿನಲ್ಲಿ ಎಣ್ಣೆಯೋ ಹೊಳಪೋ ಇದೆ; ದೊಡ್ಡ ಕಟ್ಲಾ ಎಳೆದಾಗ ದಾರ ಕಡಿಯುವುದು ಆ ಜಗ್ಗಿನಲ್ಲೇ. ನಾಲ್ಕು ಕಿಲೋ ತಾಳುವ ದಾರಕ್ಕೆ ಒಂದು ಕಿಲೋದ ಈ ಬಿಗಿ ಸರಿಯಾದ ಆರಂಭ.

ಮೊದಲ ಎಸೆತಕ್ಕೆ ನೀರು ಬೇಕಿಲ್ಲ. ಕೊಯ್ಲಾದ ಬಯಲಿನಲ್ಲಿ ಕೊಕ್ಕೆಯಿಲ್ಲದೆ 15 ಗ್ರಾಂ ಸೀಸ ಕಟ್ಟಿ ಮೂವತ್ತು ಸಲ ಎಸೆದು ಸುತ್ತಿ. ಸುತ್ತುವಾಗ ದಾರ ದೂಳು ತರುವುದರಿಂದ ಒದ್ದೆ ಬಟ್ಟೆಯಲ್ಲಿ ಹಾಯಿಸಿಯೇ ಸುತ್ತಿ. ಆಮೇಲೆ ಮುಚ್ಚಳ ಒಮ್ಮೆ ತೆರೆದು ನೋಡಿ: ಗ್ರೀಸಿನಲ್ಲಿ ಹಿತ್ತಾಳೆಯ ಮಿನುಗು ತುಸು ಇದ್ದರೆ ಗೇರ್ ಒಗ್ಗಿಕೊಳ್ಳುತ್ತಿದೆ, ಒರೆಸಿ ಹೊಸದು ಹಚ್ಚಿ. ಚೂರುಗಳೇ ಕೈಗೆ ಸಿಕ್ಕರೆ ಮಸಿಯ ಪರೀಕ್ಷೆಗೆ ಮರಳಿ. ನದಿಗೆ ಹೋಗುವ ದಿನ ಜಾಗ ನೋಡಿಕೊಳ್ಳಿ. ತುಂಗಭದ್ರಾ ಡ್ಯಾಮಿನ ಹತ್ತಿರದ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು, ಅಲ್ಲಿ ಗಾಳ ಹಾಕುವ ಯೋಚನೆ ಬೇಡ.

ಮನೆಗೆ ಬಂದ ಮೇಲೆ ಡ್ರ್ಯಾಗ್ ನಾಬ್ ಪೂರ್ತಿ ಸಡಿಲಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಒಳಗಿನ ತೇವವನ್ನು ಬಿಡದು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಒಂದು ಬೇಸಿಗೆ ಮರೆತರೆ ಸಾಕು, ಮೊಟ್ಟೆ ಟ್ರೇಯನ್ನು ಮತ್ತೆ ಹುಡುಕಬೇಕಾಗುತ್ತದೆ.